ಮಗು ಯಾರಿಗೆ ಎನ್ನುವ ಮೊದಲು

ಬೇಸಿಗೆ ರಜೆಗೆಂದು ಸಿಯಾಟಲ್‌ನಿಂದ ಬೆಂಗಳೂರಿಗೆ ಬಂದ ತಾಯಿ, ಮಗು ವಾಪಸ್ ಹೋಗುವ ವಿಮಾನ ಹತ್ತಲಿಲ್ಲ ಎಂದಿಟ್ಟುಕೊಳ್ಳಿ. ಅಲ್ಲೇ ಉಳಿದ ತಂದೆಯ ಲೆಕ್ಕದಲ್ಲಿ ಅದು ಅಪಹರಣ. ಅಮೆರಿಕದ ಕಾನೂನಿನ ಲೆಕ್ಕವೂ ಅದೇ. 1993ರ ಫೆಡರಲ್ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ. ಜಯನಗರದ ಅಜ್ಜ ಅಜ್ಜಿಗೆ ಮಾತ್ರ ಕಾಣುವುದು ನೊಂದು ತವರಿಗೆ ಬಂದ ಮಗಳು. ಹೆತ್ತವಳು ತನ್ನ ಮಗುವನ್ನು ತಾನು ಕರೆತಂದರೆ ಅದನ್ನು ಅಪಹರಣ ಎನ್ನಲು ನಮ್ಮ ಪೊಲೀಸ್ ಠಾಣೆಯೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೆಲವೇ ವಾರಗಳಲ್ಲಿ ಎರಡು ದೇಶಗಳ ಕೋರ್ಟುಗಳಲ್ಲಿ ಎರಡು ಅರ್ಜಿಗಳು ಬೀಳುತ್ತವೆ. ಅಲ್ಲಿನ ನ್ಯಾಯಾಲಯ ಮಗುವನ್ನು ತಂದೆಗೆ ಒಪ್ಪಿಸಿ ಎಂದು ಏಕಪಕ್ಷೀಯ ಆದೇಶ ಕೊಡಬಹುದು, ಇಲ್ಲಿನದು ಮಗುವನ್ನು ಎಲ್ಲಿಗೂ ಕಳಿಸಬೇಡಿ ಎಂದು ತಡೆಯಾಜ್ಞೆ ಕೊಡಬಹುದು. ಎರಡೂ ಆದೇಶಗಳು ತಮ್ಮ ತಮ್ಮ ನೆಲದಲ್ಲಿ ಸಕ್ರಮವೇ.

ಇಂಥ ಸುದ್ದಿ ಓದಿದಾಗ ನಾವು ತಾಯಿಯ ಪಕ್ಷವನ್ನೋ ತಂದೆಯ ಪಕ್ಷವನ್ನೋ ಹಿಡಿದು ಮಾತಾಡಲು ತೊಡಗುತ್ತೇವೆ. ಆದರೆ ಮಗು ಯಾರಿಗೆ ಎಂಬುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ಅದನ್ನು ತೀರ್ಮಾನಿಸುವ ಜಾಗ ಯಾವುದು? ಇದಕ್ಕೆ ವಾರಗಳೊಳಗೆ ಉತ್ತರ ಸಿಗದೆ ಹೋದರೆ ಉಳಿದದ್ದನ್ನೆಲ್ಲ ಕಾಲವೇ ತೀರ್ಮಾನಿಸಿಬಿಡುತ್ತದೆ. ಭಾರತದಲ್ಲಿ ಈಗ ಆಗುತ್ತಿರುವುದು ಅದು. ಜಾಗ ನಿರ್ಧಾರವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ ಜಾಗಕ್ಕೆ ಹೋಗಿ ನಿಂತು ತನ್ನ ಮಾತು ಹೇಳುವ ಶಕ್ತಿ ತಾಯಿಗೂ ತಂದೆಗೂ ಸಮನಾಗಿ ಇರುವಂತೆ ನೋಡಿಕೊಳ್ಳಬೇಕು. ಈ ಎರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಅನ್ಯಾಯ ತಪ್ಪದು.

ಜಾಗದ ಪ್ರಶ್ನೆ ಯಾಕೆ ಇಷ್ಟು ಗೋಜಲು ಎಂದರೆ ಎರಡೂ ಕಡೆಯ ಕಾನೂನು ಹೆಚ್ಚುಕಡಿಮೆ ಒಂದೇ ಅಳತೆಗೋಲು ಹಿಡಿದು ಬೇರೆ ಬೇರೆ ಉತ್ತರ ಪಡೆಯುತ್ತವೆ. ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳು ಒಪ್ಪಿಕೊಂಡಿರುವ ಏಕರೂಪದ ಸುಪರ್ದಿ ಕಾಯ್ದೆ, ದಾವೆ ಹೂಡುವ ಮುನ್ನ ಮಗು ಸತತ ಆರು ತಿಂಗಳು ಎಲ್ಲಿತ್ತು ಎಂದು ಕೇಳುತ್ತದೆ. ನಮ್ಮ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 9ನೇ ಸೆಕ್ಷನ್, ಮಗು ಸಾಮಾನ್ಯವಾಗಿ ವಾಸವಾಗಿರುವುದು ಎಲ್ಲಿ ಎಂದು ಕೇಳುತ್ತದೆ. ಬಂದ ಮೊದಲ ವಾರ ಕೇಳಿದರೆ ಎರಡಕ್ಕೂ ಉತ್ತರ ಸಿಯಾಟಲ್. ಮಗು ಇಲ್ಲಿನ ಶಾಲೆ ಸೇರಿ, ಯೂನಿಫಾರ್ಮ್ ಹೊಲಿಸಿಕೊಂಡು, ಎರಡು ಪರೀಕ್ಷೆ ಬರೆದ ಮೇಲೆ ಕೇಳಿದರೆ ನಮ್ಮ ಕಾಯ್ದೆಯ ಪ್ರಶ್ನೆಗೆ ಬೆಂಗಳೂರು ಎನ್ನುವುದೂ ಸುಳ್ಳಲ್ಲ. ಮೊದಲ ವಾರ ಸ್ಪಷ್ಟವಾಗಿದ್ದದ್ದು ವರ್ಷ ಕಳೆಯುವುದರೊಳಗೆ ವಾದದ ವಿಷಯವಾಗುತ್ತದೆ.

1980ರ ಅಕ್ಟೋಬರ್ 25ರಂದು ಹೇಗ್‌ನಲ್ಲಿ ರೂಪುಗೊಂಡು 1983ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿದ್ದೇ ಈ ತೊಡಕಿನಿಂದ. ಇಂದು ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಅದು ಮಗುವನ್ನು ತಂದೆಗೆ ಕೊಡಿಸುವ ಒಪ್ಪಂದ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಹಾಗಲ್ಲ. ಮಗು ಯಾರ ಬಳಿ ಬೆಳೆಯಬೇಕು ಎಂಬ ಮಾತನ್ನು ಅದು ಎತ್ತುವುದೇ ಇಲ್ಲ. ಹದಿನಾರು ವರ್ಷದೊಳಗಿನ ಮಗುವನ್ನು ಅದು ನೆಲೆಸಿದ್ದ ದೇಶದಿಂದ, ಪಾಲನೆಯ ಹಕ್ಕಿರುವ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಒಯ್ದಿದ್ದರೆ, ಮೊದಲು ವಾಪಸ್ ಕಳಿಸಿ, ಸುಪರ್ದಿಯ ವಿಚಾರಣೆ ಅಲ್ಲೇ ನಡೆಯಲಿ ಎನ್ನುತ್ತದೆ. ಈ ಮೊದಲ ನಿರ್ಧಾರ ಆರು ವಾರದಲ್ಲಿ ಮುಗಿಯಬೇಕೆಂಬುದು ಅದರ ನಿರೀಕ್ಷೆ. ಅರ್ಜಿ ಬರುವಷ್ಟರಲ್ಲಿ ವರ್ಷ ಕಳೆದು ಮಗು ಹೊಸ ಜಾಗಕ್ಕೆ ಹೊಂದಿಕೊಂಡಿದ್ದರೆ, ವಾಪಸಾದರೆ ಮಗುವಿಗೆ ಗಂಭೀರ ಅಪಾಯವಿದ್ದರೆ, ಅಥವಾ ತಿಳಿವಳಿಕೆ ಬಂದ ಮಗು ತಾನೇ ಒಲ್ಲೆನೆಂದರೆ ಕೋರ್ಟು ಕಳಿಸದಿರಬಹುದು.

ಭಾರತ ಈ ಒಪ್ಪಂದದಲ್ಲಿ ಇಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ ತನ್ನ 218ನೇ ವರದಿಯಲ್ಲಿ ಹೇಳಿತು. 2016ರ 263ನೇ ವರದಿಯಲ್ಲಿ ಕರಡು ಮಸೂದೆಯನ್ನು ತಿದ್ದಿಕೊಟ್ಟಿತು. ನಡುವೆ ಕೇಂದ್ರ ಸರ್ಕಾರ, ಹಿಂಸೆ ತಾಳಲಾರದೆ ಮಕ್ಕಳೊಂದಿಗೆ ಮರಳುವ ಹೆಣ್ಣುಮಕ್ಕಳಿಗೆ ಇದು ಉರುಳಾಗುತ್ತದೆ ಎಂದು ಹಿಂಜರಿಯಿತು. ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ವರದಿ ಕೊಟ್ಟು, ಇಂಥ ವಿವಾದಗಳಿಗೆಂದೇ ಒಂದು ಪ್ರಾಧಿಕಾರ ಬೇಕೆಂದಿತು. ಪ್ರಾಧಿಕಾರವೂ ಬರಲಿಲ್ಲ, ಕಾಯ್ದೆಯೂ ಬರಲಿಲ್ಲ. ಇತ್ತ ಅಮೆರಿಕದ ವಿದೇಶಾಂಗ ಇಲಾಖೆ ಮಕ್ಕಳನ್ನು ಹಿಂದಿರುಗಿಸಲು ಸಹಕರಿಸದ ದೇಶಗಳ ಪಟ್ಟಿಯಲ್ಲಿ ವರ್ಷ ವರ್ಷವೂ ನಮ್ಮ ಹೆಸರು ಬರೆಯುತ್ತಿದೆ.

ಕಾಯ್ದೆ ಇಲ್ಲದ ಜಾಗವನ್ನು ಸುಪ್ರೀಂ ಕೋರ್ಟ್ ತೀರ್ಪಿನಿಂದ ತೀರ್ಪಿಗೆ ತುಂಬುತ್ತ ಬಂದಿದೆ, ಆದರೆ ಒಂದೇ ದಿಕ್ಕಿನಲ್ಲಿ ಅಲ್ಲ. ಮಗುವಿನ ಬದುಕಿಗೆ ಅತಿ ಹತ್ತಿರದ ನಂಟಿರುವ ದೇಶವೇ ತೀರ್ಮಾನಿಸಲಿ ಎಂದು 1984ರಲ್ಲಿ ಹೇಳಿತು. ವಿದೇಶಿ ಆದೇಶ ಹಲವು ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತವೇ ಸರ್ವೋಪರಿ ಎಂದು 1997ರಲ್ಲಿ ಹೇಳಿತು. ಯಾವ ದೇಶದ ಕೋರ್ಟು ಮೊದಲು ಪರಿಣಾಮಕಾರಿ ಆದೇಶ ಕೊಟ್ಟಿತೋ ಅದಕ್ಕೆ ಮನ್ನಣೆ ಎಂದದ್ದು 2015ರಲ್ಲಿ. ಎರಡೇ ವರ್ಷಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ ಮತ್ತೆ ಹಿತದ ತತ್ವಕ್ಕೆ ಮರಳಿತು. ಒಂದೊಂದು ತೀರ್ಪಿಗೂ ಅದರದೇ ಕರುಣೆ, ಅದರದೇ ತರ್ಕ ಇದೆ. ಆದರೆ ವಿಮಾನ ಹತ್ತಬೇಕೋ ಬೇಡವೋ ಎಂದು ಯೋಚಿಸುತ್ತ ಕೂತ ತಾಯಿಗೆ, ಅಲ್ಲಿ ಕಾಯುತ್ತಿರುವ ತಂದೆಗೆ, ಇವೆಲ್ಲವನ್ನೂ ಓದಿದ ವಕೀಲರು ಖಚಿತವಾಗಿ ಹೇಳಬಲ್ಲದ್ದು ಒಂದೇ ಮಾತು: ಪೀಠ ಯಾವುದು ಬರುತ್ತದೋ ನೋಡೋಣ.

ಮಗುವಿನ ಹಿತವೇ ಸರ್ವೋಪರಿ ಎಂಬ ತತ್ವವನ್ನು ಯಾರೂ ಅಲ್ಲಗಳೆಯಲಾರರು. ಒಂದೊಂದು ಮಗುವಿನ ಬದುಕೂ ಬೇರೆ, ಎಲ್ಲಕ್ಕೂ ಒಂದೇ ನಿಯಮ ಹೇರಬಾರದು ಎಂಬ ವಾದಕ್ಕೆ ತೂಕವಿದೆ. ತೊಡಕಿರುವುದು ಆ ಹಿತವನ್ನು ಅಳೆಯುವ ದಿನದಲ್ಲಿ. ಹೇಬಿಯಸ್ ಕಾರ್ಪಸ್ ಅರ್ಜಿ, ಅದಕ್ಕೆ ಆಕ್ಷೇಪಣೆ, ಮಧ್ಯಂತರ ಆದೇಶ, ಮೇಲ್ಮನವಿ, ನಡುವೆ ದಸರಾ ರಜೆ, ಬೇಸಿಗೆ ರಜೆ. ಅಂತಿಮ ವಾದದ ಹೊತ್ತಿಗೆ ಮಗುವಿಗೆ ಕನ್ನಡ ಬಾಯಿಗೆ ಹತ್ತಿರುತ್ತದೆ, ಅಪ್ಪನ ಮನೆಯ ಬೀದಿ ಮರೆತಿರುತ್ತದೆ. ಆಗ ಹಿತವನ್ನು ಅಳೆದರೆ ಇಲ್ಲೇ ಇರಲಿ ಎಂದೇ ಬರುತ್ತದೆ. ಮಗುವನ್ನು ತಡೆದಿಟ್ಟುಕೊಂಡವರು ವಿಳಂಬ ಮಾಡಿದಷ್ಟೂ ಅವರ ವಾದ ಗಟ್ಟಿಯಾಗುತ್ತದೆ. ನ್ಯಾಯದಾನದ ಯಾವ ವ್ಯವಸ್ಥೆಯೂ ವಿಳಂಬಕ್ಕೆ ಬಹುಮಾನ ಕೊಡಬಾರದು.

ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದರಲ್ಲಿ ಇದು ಎದ್ದು ಕಾಣುತ್ತದೆ. ಅಮೆರಿಕದ ಪೌರನಾದ ಹುಡುಗನನ್ನು ತಾಯಿ 2020ರ ಮಾರ್ಚ್‌ನಲ್ಲಿ ಭಾರತಕ್ಕೆ ಕರೆತಂದಿದ್ದರು. ತಂದೆಯ ಅರ್ಜಿಯನ್ನು ನಮ್ಮ ಹೈಕೋರ್ಟ್ ಪುರಸ್ಕರಿಸಲಿಲ್ಲ. ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಅದನ್ನು ಬದಲಿಸಿ, ಹುಡುಗ ಅಮೆರಿಕಕ್ಕೆ ಮರಳಬೇಕೆಂದಿತು. ಮಗುವಿನ ಇಷ್ಟ ಏನು ಎನ್ನುವುದು ಬೇರೆ, ಮಗುವಿನ ಹಿತ ಏನು ಎನ್ನುವುದು ಬೇರೆ ಎಂದು ಅದು ಒತ್ತಿ ಹೇಳಿತು. ಆ ಮಾತು ಸರಿ. ಆದರೆ ಅಷ್ಟರಲ್ಲಿ ಹುಡುಗನಿಗೆ ಹನ್ನೊಂದು ತುಂಬಿತ್ತು. ಎರಡು ವರ್ಷಕ್ಕೂ ಮಿಕ್ಕು ಅವನು ಇಲ್ಲಿದ್ದ. ಮೊದಲ ಎರಡು ತಿಂಗಳಲ್ಲೇ ಇದೇ ಆದೇಶ ಬಂದಿದ್ದರೆ ಅದು ರಜೆ ಮುಗಿಸಿ ಮನೆಗೆ ಹೋಗುವಂತೆ ಇರುತ್ತಿತ್ತು. 2022ರಲ್ಲಿ ಅದು ಅವನ ಪಾಲಿಗೆ ಇನ್ನೊಂದು ಸಲ ಬೇರು ಕಿತ್ತ ಹಾಗೆ. ತಡವಾದರೆ ಸರಿಯಾದ ತೀರ್ಪೂ ಮಗುವಿಗೆ ಪೆಟ್ಟು ಕೊಡುತ್ತದೆ.

ಕಾಲ ಕಳೆಯುವಾಗ ಮಗು ಮತ್ತು ದೂರದ ಹೆತ್ತವರ ನಡುವೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಭೇಟಿ ಸಾಧ್ಯವಿಲ್ಲದ ತಂದೆ ಅಥವಾ ತಾಯಿಗೆ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನ ಜತೆ ಮಾತಾಡುವ ಅವಕಾಶ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಒಳ್ಳೆಯ ಮಾತು. ಕಾರ್ಯರೂಪದಲ್ಲಿ ನೋಡಿ: ಬೇಸಿಗೆಯಲ್ಲಿ ಸಿಯಾಟಲ್‌ನಲ್ಲಿ ಸಂಜೆ ಏಳಾದರೆ ಇಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ತಂದೆ ಕೆಲಸ ಮುಗಿಸಿ ಕರೆ ಮಾಡುವ ಹೊತ್ತಿಗೆ ಮಗು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಬಾಯಲ್ಲಿ ಇಡ್ಲಿ ತುಂಬಿಕೊಂಡು, ಸ್ಕೂಲ್ ವ್ಯಾನಿನ ಹಾರ್ನ್‌ಗೆ ಕಿವಿಗೊಟ್ಟಿರುತ್ತದೆ. ಫೋನ್ ಹಿಡಿದ ಅಜ್ಜಿಗೆ ಅಳಿಯನ ಮುಖ ಕಂಡರಾಗದು. ಊಟ ಆಯ್ತಾ, ಹೋಂವರ್ಕ್ ಆಯ್ತಾ ಎಂಬ ಎರಡು ಪ್ರಶ್ನೆಗೆ ಕರೆ ಮುಗಿಯುತ್ತದೆ. ಆರು ತಿಂಗಳ ಮೇಲೆ, ಮಗುವಿಗೆ ಮಾತಾಡುವ ಮನಸ್ಸಿಲ್ಲ ಎಂದು ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಕೆಯಾಗುತ್ತದೆ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ನಾಳೆಯೇ ಹೇಗ್ ಒಪ್ಪಂದಕ್ಕೆ ಸಹಿ ಹಾಕಿಬಿಡಿ ಎನ್ನುವುದು ಸುಲಭ. ಆದರೆ ಸರ್ಕಾರದ ಹಿಂಜರಿಕೆ ಬರೀ ನೆಪವಲ್ಲ. ಒಪ್ಪಂದ ಬರೆದವರ ಕಣ್ಣಮುಂದೆ ಇದ್ದವನು, ಸುಪರ್ದಿ ಸಿಗದ ಸಿಟ್ಟಿಗೆ ಮಗುವನ್ನು ಎತ್ತಿಕೊಂಡು ಹೋಗುವ ತಂದೆ. ಇಂದು ಒಪ್ಪಂದದಡಿ ಬರುವ ಪ್ರಕರಣಗಳಲ್ಲಿ ಮಗುವನ್ನು ಒಯ್ದವರು ಸುಮಾರು ಮುಕ್ಕಾಲು ಪಾಲು ತಾಯಂದಿರು. ಅವರಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರೇ ಬಹಳ, ಹೊಡೆತ ತಿಂದು ಓಡಿಬಂದವರೂ ಇದ್ದಾರೆ. ಗಂಭೀರ ಅಪಾಯ ಎಂದರೆ ಮಗುವಿಗೆ ಒದಗುವ ಅಪಾಯ ಮಾತ್ರವೋ, ಮಗುವಿನೆದುರು ತಾಯಿಗೆ ಬಿದ್ದ ಏಟೂ ಅದರಲ್ಲಿ ಸೇರುತ್ತದೆಯೋ ಎಂಬುದನ್ನು ಹಲವು ದೇಶಗಳ ಕೋರ್ಟುಗಳು ಬಿಗಿಯಾಗಿ, ಕೆಲವೊಮ್ಮೆ ಕಟುವಾಗಿ ಅರ್ಥೈಸಿದವು. ಈಗ ಒಪ್ಪಂದದ ಒಳಗಿದ್ದವರೇ ತಿದ್ದಿಕೊಳ್ಳುತ್ತಿದ್ದಾರೆ. ಕೋರ್ಟುಗಳು ಕೌಟುಂಬಿಕ ಹಿಂಸೆಯನ್ನು ಪರಿಗಣಿಸುವಂತೆ ಆಸ್ಟ್ರೇಲಿಯಾ 2022ರಲ್ಲಿ ನಿಯಮ ಬದಲಿಸಿತು. 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಈ ಒಂದೇ ವಿಷಯಕ್ಕೆ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು.

ನಮ್ಮ ಹೆಣ್ಣುಮಕ್ಕಳ ಸ್ಥಿತಿಗೆ ಇನ್ನೂ ಒಂದು ಮಡಿಕೆಯಿದೆ. ಎಚ್-1ಬಿ ವೀಸಾದ ಗಂಡನ ಜತೆ ಎಚ್-4ರಲ್ಲಿ ಹೋದವಳು ಅಲ್ಲಿ ಇರುವುದೇ ಅವನ ಹೆಂಡತಿ ಎಂಬ ಕಾರಣಕ್ಕೆ. ಅಂಥವರಲ್ಲಿ ಕೆಲವರಿಗೆ ಮಾತ್ರ, ಅದೂ 2015ರಿಂದ, ದುಡಿಯಲು ಪರವಾನಗಿ ಸಿಗುತ್ತಿದೆ. ವಿಚ್ಛೇದನವಾದರೆ ಆ ವೀಸಾಕ್ಕೆ ಆಧಾರವೇ ಇಲ್ಲ. ಮಗುವನ್ನು ವಾಪಸ್ ಕಳಿಸಿ, ವಿಚಾರಣೆ ಅಲ್ಲಿ ನಡೆಯಲಿ ಎಂದಾಗ ಅವಳು ಹೋಗುವುದು ಯಾವ ವೀಸಾದ ಮೇಲೆ? ಇಳಿದುಕೊಳ್ಳುವುದು ಯಾರ ಮನೆಯಲ್ಲಿ? ವಕೀಲರ ಶುಲ್ಕ ಕಟ್ಟುವವರು ಯಾರು? ವಿಮಾನ ನಿಲ್ದಾಣದಲ್ಲೇ ಬಂಧಿಸುವುದಿಲ್ಲ ಎಂಬ ಭರವಸೆ ಕೊಡುವವರು ಯಾರು? ಇವಕ್ಕೆ ಉತ್ತರವಿಲ್ಲದೆ ಮಗುವನ್ನು ಕಳಿಸಿದರೆ, ಮುಂದೆ ನಡೆಯುವುದು ಒಬ್ಬರೇ ಹಾಜರಿರುವ ವಿಚಾರಣೆ.

ಹೈಕೋರ್ಟುಗಳು ಷರತ್ತು ಹಾಕಿ ಈ ಕೊರತೆ ತುಂಬಲು ನೋಡುತ್ತವೆ. ಷರತ್ತು ಕೆಲವೊಮ್ಮೆ ಎಲ್ಲಿಗೆ ಮುಟ್ಟುತ್ತದೆಂದರೆ, ಕೋವಿಡ್ ಕಾಲದಲ್ಲಿ ಮಗುವನ್ನು ಅಮೆರಿಕಕ್ಕೆ ಕಳಿಸಲು ಒಪ್ಪಿದ ಕರ್ನಾಟಕ ಹೈಕೋರ್ಟ್, ಪರಿಸ್ಥಿತಿ ಪ್ರಯಾಣಕ್ಕೆ ಅನುಕೂಲವಾಗಿದೆ ಎಂದು ಆರೋಗ್ಯಾಧಿಕಾರಿ ದೃಢೀಕರಿಸಬೇಕೆಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಬೇಕಾಯಿತು. ಅದಕ್ಕಿಂತ ದೊಡ್ಡ ಪಾಠ ಕೆನ್ಯಾದ್ದು. 2020ರಲ್ಲಿ ಮಗನನ್ನು ಕೆನ್ಯಾದ ತಂದೆಗೆ ಒಪ್ಪಿಸುವಾಗ ಸುಪ್ರೀಂ ಕೋರ್ಟ್, ತನ್ನ ಆದೇಶದ ಪಡಿಯಚ್ಚಿನಂಥ ಆದೇಶವನ್ನು ಅಲ್ಲಿನ ನ್ಯಾಯಾಲಯದಿಂದ ತರಬೇಕೆಂದು ಕಟ್ಟು ಹಾಕಿತ್ತು. ಮಗ ಹೋದ ಮೇಲೆ ತಾಯಿಗೆ ಕೊಟ್ಟ ಮಾತು ಉಳಿಯಲಿಲ್ಲ. 2021ರಲ್ಲಿ ಕೋರ್ಟು ತನ್ನ ಆದೇಶವನ್ನೇ ಹಿಂತೆಗೆದುಕೊಂಡಿತು, 2022ರಲ್ಲಿ ನ್ಯಾಯಾಂಗ ನಿಂದನೆಗಾಗಿ ತಂದೆಗೆ ಆರು ತಿಂಗಳ ಸಜೆ, 25 ಲಕ್ಷ ರೂಪಾಯಿ ದಂಡ ವಿಧಿಸಿತು. ಸಜೆಯಾದವರು ಈ ನೆಲದಲ್ಲಿರಲಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯದ ಷರತ್ತಿಗೂ ವಿಮಾನ ನಿಲ್ದಾಣದ ಆಚೆ ಬೆಲೆ ಇರುವುದು ಆಚೆಯ ದೇಶ ಅದನ್ನು ಪಾಲಿಸಲು ಬದ್ಧವಾಗಿದ್ದರೆ ಮಾತ್ರ.

ಆದ್ದರಿಂದ 1980ರ ಒಪ್ಪಂದವೊಂದನ್ನೇ ಹಿಡಿದು ಸೇರಬೇಕೋ ಬೇಡವೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಮಕ್ಕಳ ರಕ್ಷಣೆಗಾಗಿ ಒಂದು ದೇಶದ ಕೋರ್ಟು ಕೊಟ್ಟ ಆದೇಶವನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕೆನ್ನುವ 1996ರ ಹೇಗ್ ಒಪ್ಪಂದ ಬೇರೆಯೇ ಇದೆ. ಅಮೆರಿಕ ಅದಕ್ಕೆ ಸಹಿ ಹಾಕಿದ್ದರೂ ಅನುಮೋದಿಸಿಲ್ಲ. ಅಮೆರಿಕದ ಜತೆಗಿನ ವ್ಯವಹಾರಕ್ಕೆ ಪ್ರತ್ಯೇಕ ಒಡಂಬಡಿಕೆ ಬೇಕಾದೀತು, ಬ್ರಿಟನ್ನಿನಂಥ ದೇಶಗಳ ಜತೆಗೆ ಈ ಎರಡನ್ನೂ ಜೋಡಿಸಿ ಒಪ್ಪಿಕೊಳ್ಳಬಹುದು. ನಮ್ಮ ಸಂಸತ್ತು ಮಾಡುವ ಕಾಯ್ದೆಯಲ್ಲಿ ಇರಬೇಕಾದದ್ದು ಹೆಚ್ಚೇನಲ್ಲ. ರಾಜ್ಯಕ್ಕೊಂದು ಗೊತ್ತುಪಡಿಸಿದ ಪೀಠ, ಜಾಗದ ಪ್ರಶ್ನೆಗೆ ಆರು ವಾರದ ಗಡುವು, ಒಂದೇ ಮೇಲ್ಮನವಿ. ತಾಯಿಯ ಮೇಲಿನ ಹಿಂಸೆಯೂ ಮಗುವಿಗೆ ಅಪಾಯವೇ ಎಂಬ ಸ್ಪಷ್ಟ ಮಾತು. ವಾಪಸ್ ಕಳಿಸುವುದೇ ಆದರೆ ವೀಸಾ, ವಸತಿ, ಜೀವನಾಂಶ, ಬಂಧನವಿಲ್ಲವೆಂಬ ಖಾತರಿ, ಇವೆಲ್ಲ ಆಚೆಯ ಕೋರ್ಟಿನ ಆದೇಶವಾಗಿ ಕೈಗೆ ಬಂದ ಮೇಲೇ ಪ್ರಯಾಣ. ಅರ್ಜಿ ಬಿದ್ದ ಮೊದಲ ವಾರದಿಂದಲೇ ದೂರದವರೊಂದಿಗೆ ಮಾತುಕತೆ, ಮಗುವಿಗೆ ಒಗ್ಗುವ ಹೊತ್ತಿನಲ್ಲಿ.

ನಮ್ಮ ಮಕ್ಕಳ ವಿಷಯವನ್ನು ಪರದೇಶದ ಕೋರ್ಟು ತೀರ್ಮಾನಿಸುವುದೇನು ಎಂಬ ಸ್ವಾಭಿಮಾನದ ಪ್ರಶ್ನೆ ಕೊನೆಗೂ ಉಳಿಯುತ್ತದೆ. ಅದನ್ನು ತಿರುಗಿಸಿ ನೋಡಬೇಕು. ಮೈಸೂರಿನಲ್ಲೇ ಹುಟ್ಟಿ ಬೆಳೆದ ಮಗುವನ್ನು ಹೆತ್ತವರಲ್ಲೊಬ್ಬರು ಹೇಳದೆ ಕೇಳದೆ ಟೊರಾಂಟೊಗೆ ಒಯ್ದರೆ, ಇಲ್ಲಿ ಉಳಿದವರು ಹೇಗ್ ಒಪ್ಪಂದದ ಹೆಸರಿನಲ್ಲಿ ಒಂದು ಅರ್ಜಿಯನ್ನೂ ಹಾಕಲಾರರು. ಅಲ್ಲಿನ ವಕೀಲರನ್ನು ಹಿಡಿದು, ಡಾಲರ್ ಲೆಕ್ಕದಲ್ಲಿ ಫೀಸು ಕಟ್ಟಿ, ಆ ದೇಶದ ಕಾನೂನಿನ ಕೃಪೆಗೆ ಕಾಯಬೇಕು. ಒಪ್ಪಂದದ ಹೊರಗೆ ನಿಂತು ನಾವು ಕಾಪಾಡಿಕೊಂಡೆವೆಂದುಕೊಂಡ ಸ್ವಾತಂತ್ರ್ಯ, ಮಗುವನ್ನು ಇಲ್ಲಿಗೆ ತಂದವರಿಗೆ ಮಾತ್ರ ಒದಗುತ್ತದೆ. ಇಲ್ಲಿಂದ ಮಗುವನ್ನು ಕಳೆದುಕೊಂಡ ತಾಯಿಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಹೆಣ್ಣುಮಕ್ಕಳ ರಕ್ಷಣೆಗೆಂದು ಹೊರಗೆ ನಿಂತಿದ್ದೇವೆ ಎನ್ನುವ ಸರ್ಕಾರ ಮೊದಲು ಉತ್ತರ ಹೇಳಬೇಕಾದದ್ದು ಆ ತಾಯಿಗೆ.