ಅಳಿಸುವುದಕ್ಕೂ ಜಾಗ ಬೇಕು
ಅಂತರಘಟ್ಟೆಯ ಜಾತ್ರೆಯಲ್ಲಿ ಎತ್ತಿನ ಗಾಡಿ ಬಿಡಲು ಬಯಲು ಸಾಲದಿದ್ದರೆ ಪಕ್ಕದ ಹೊಲವಾದರೂ ಇದೆ. ಡೇಟಾಬೇಸ್ ಸರ್ವರಿಗೆ ಆ ಅನುಕೂಲವಿಲ್ಲ. ನಮ್ಮ ಬಿಡದಿಯಲ್ಲೂ ಕಾರು ತಯಾರಿಸುವ ಟೊಯೋಟಾದ ಜಪಾನಿನ 14 ಕಾರ್ಖಾನೆಗಳು 2023ರ ಆಗಸ್ಟ್ 29ರಂದು ನಿಂತುಹೋದವು. ಎರಡು ದಿನ ಮೊದಲು ಕಂಪನಿಯ ಡೇಟಾಬೇಸಿನಲ್ಲಿ ಹಳೆಯ ಮಾಹಿತಿ ಅಳಿಸಿ ಒಪ್ಪ ಮಾಡಲು ಹೊರಟಾಗ ಡಿಸ್ಕ್‌ನಲ್ಲಿ ಜಾಗ ಸಾಲದೆ ವ್ಯವಸ್ಥೆ ಕೈಕೊಟ್ಟಿತ್ತು. ಬದಲಿ ಸರ್ವರೂ ಅದೇ ವ್ಯವಸ್ಥೆಯ ಮೇಲಿದ್ದು ಜೊತೆಗೇ ಮಲಗಿತು. ಹೆಚ್ಚು ಜಾಗವಿದ್ದ ಸರ್ವರಿಗೆ ಮಾಹಿತಿ ಸಾಗಿಸಿದ ಮೇಲಷ್ಟೇ ಕೆಲಸ ಮತ್ತೆ ಶುರು. ಸಾಮಾನ್ಯವಾಗಿ ಸರ್ವರುಗಳಲ್ಲಿ ಜಾಗ ತಿನ್ನುವುದು ಲಾಗ್ ಕಡತಗಳು, ಮರೆತ ಬ್ಯಾಕಪ್‌ಗಳು. ಡಿಸ್ಕ್ ತುಂಬಿದರೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ನಿಮಿಷಕ್ಕೊಮ್ಮೆ ಜಾಗ ಬಂತೇ ಎಂದು ಇಣುಕುತ್ತಾ ಕಾಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಸಾಲುಗಳನ್ನು ಅಳಿಸಿದ ಮಾತ್ರಕ್ಕೆ ಡಿಸ್ಕ್ ಹಗುರವಾಗದು. ಗಾಬರಿಯಲ್ಲಿ ಬದಲಾವಣೆಗಳನ್ನು ದಾಖಲಿಸುವ ಅದರ 'ಪಿಜಿ_ವಾಲ್' ಕಡತಗಳನ್ನು ಕೈಯಾರೆ ಅಳಿಸಿದರೆ ಡೇಟಾಬೇಸೇ ಕೆಡಬಹುದು. ಮೊದಲು ಯಾವ ಕಡತ ಎಷ್ಟು ನುಂಗಿದೆ ಎಂದು ನೋಡಬೇಕು, ಬೇಡದ್ದನ್ನು ಬೇರೆಡೆಗೆ ಸಾಗಿಸಬೇಕು, ಇಲ್ಲವೇ ಡಿಸ್ಕ್ ಹಿಗ್ಗಿಸಬೇಕು. ಇದು ಬೆಂಗಳೂರಿನ ಎಂಜಿನಿಯರುಗಳ ತಲೆನೋವಷ್ಟೇ ಅಲ್ಲ: ಭೂದಾಖಲೆ ಗಣಕೀಕರಣದ 'ಭೂಮಿ' ಯೋಜನೆ ಬಂದ ಮೇಲೆ ಅಂತರಘಟ್ಟೆಯ ರೈತರ ಪಹಣಿಯೂ ಇರುವುದು ಇಂಥದ್ದೇ ಒಂದು ಡೇಟಾಬೇಸಿನಲ್ಲಿ.