ಮಗುವಿನ ಮೊದಲ ತುತ್ತಿಗೆ ಕಾಲ ನಿಶ್ಚಯಿಸುವವರು ಯಾರು?

ಹಸುಗೂಸಿಗೆ ಎದೆಹಾಲಿನ ಜೊತೆಗೆ ಆಹಾರವನ್ನು ಎಂದಿನಿಂದ ಕೊಡಬೇಕೆಂಬುದು ಹೆಂಗಸರ ಅಡುಗೆಮನೆಯ ವಿಚಾರ; ಪಕ್ಷದ ಪತ್ರಿಕೆಗೆ ಅದರ ಗೊಡವೆ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಕೂಲಿ, ರಜೆ, ಧಾನ್ಯದ ಬೆಲೆ, ಕಂಪೆನಿಯ ಲಾಭ ಈ ನಾಲ್ಕೂ ಬಂದು ಕೂಡುವ ಪ್ರಶ್ನೆ ಬರಿಯ ಅಡುಗೆಮನೆಯದು ಹೇಗಾದೀತು?

ವಿಜ್ಞಾನದ ಮಾತು ಸ್ಪಷ್ಟವಾಗಿದೆ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. 2001ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ನಿಲುವು ಇದೇ. ಆ ಬಳಿಕ ಹಾಲೊಂದೇ ಸಾಲದು. ಹುಟ್ಟುವಾಗ ಮಗು ತಂದ ಕಬ್ಬಿಣಾಂಶದ ದಾಸ್ತಾನು ಅಷ್ಟರಲ್ಲಿ ಕರಗಿರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಕತ್ತು ನಿಲ್ಲುವುದು, ಆಸರೆಯಿಂದ ಕೂರುವುದು, ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರದಬ್ಬದಿರುವುದು ಇವು ಮಗು ಸಿದ್ಧವಾಗಿದೆಯೆಂಬ ಗುರುತುಗಳು. ಹಿರಿಯರು ಆರನೆಯ ತಿಂಗಳಿಗೆ ಅನ್ನಪ್ರಾಶನವಿಟ್ಟದ್ದು ಈ ಲೆಕ್ಕಕ್ಕೆ ದೂರವೇನಲ್ಲ. ಮೂರನೆಯ ತಿಂಗಳಿಗೇ ಸರಿ ಕುಡಿಸುವುದೂ ತಪ್ಪು, ಹಲ್ಲು ಬರಲೆಂದು ವರ್ಷದವರೆಗೆ ಕಾಯುವುದೂ ತಪ್ಪು.

ಆದರೆ ದೇಶದ ಸ್ಥಿತಿ ಏನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 8 ತಿಂಗಳ ಮಕ್ಕಳಲ್ಲಿ ಎದೆಹಾಲಿನೊಡನೆ ಆಹಾರವನ್ನೂ ಕಂಡವರು ನೂರಕ್ಕೆ ಸುಮಾರು 46. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆದವರು ನೂರಕ್ಕೆ 11 ಮಾತ್ರ!

ಇದಕ್ಕೆ ತಾಯಂದಿರ ಅಜ್ಞಾನವೇ ಕಾರಣವೆಂದು ಭಾಷಣ ಬಿಗಿಯುವುದು ಸುಲಭ. ಕಾನೂನಿನ ಲೆಕ್ಕವನ್ನು ನೋಡೋಣ. ಹೆರಿಗೆ ರಜೆ ಮೊದಲು 12 ವಾರವಿತ್ತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಉಳಿದಿದೆ. ಕೇಳಲು ಆರು ತಿಂಗಳು. ಆದರೆ ಹೆರಿಗೆಗೆ ಮುಂಚೆಯೇ 8 ವಾರ ರಜೆ ಪಡೆದವಳಿಗೆ ಕೂಸು ಹುಟ್ಟಿದ ಮೇಲೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಮೂರನೆಯ ಮಗುವಾದರೆ ಒಟ್ಟು ರಜೆಯೇ 12 ವಾರ. ಆಗ ಕೂಸಿನ ಬಾಯಿಗೆ ಬೇರೆ ಆಹಾರ ಬೀಳುವ ದಿನವನ್ನು ಗೊತ್ತುಮಾಡುವುದು ವೈದ್ಯರಲ್ಲ, ಗಿರಣಿಯ ಹಾಜರಿ ಪುಸ್ತಕ. ಸಂತೆಯಲ್ಲಿ ಕೂರುವವಳಿಗೆ ಸಂಬಳದ ರಜೆಯೆಂಬುದೇ ಇಲ್ಲ.

50 ಮಂದಿ ದುಡಿಯುವ ಕಡೆ ಶಿಶುವಿಹಾರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದು ಎಂದೂ ಕಾನೂನಿದೆ. ನಿಮ್ಮ ಕಾರ್ಖಾನೆಯಲ್ಲಿ ಅದು ಇದೆಯೇ? ಇದ್ದರೆ ಅದರ ಬಾಗಿಲು ತೆರೆದಿದೆಯೇ?

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. 1992ರ ಶಿಶು ಆಹಾರ ಕಾಯ್ದೆ, 2003ರಲ್ಲಿ ಇನ್ನಷ್ಟು ಬಿಗಿಯಾದದ್ದು, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರಕ್ಕೆ ಜಾಹೀರಾತನ್ನೂ ಉಡುಗೊರೆಯ ಆಮಿಷವನ್ನೂ ನಿಷೇಧಿಸಿದೆ. ಡಬ್ಬಿ ಮಾರಲು ಅಡ್ಡಿಯಿಲ್ಲ, ಕಂಪೆನಿಯ ತುತ್ತೂರಿಯಾಗಬೇಡಿ.

ಡಬ್ಬಿಗೆ ಹಣ ಸುರಿಯಬೇಕಾದ ಅಗತ್ಯವಾದರೂ ಏನು? ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಸರಿ ಇದೆ. ಮೊಳೆತ ರಾಗಿಯ ಹಿಟ್ಟು ಬೇಯುವಾಗ ಗಟ್ಟಿ ಕಟ್ಟುವುದು ಕಡಿಮೆ. ಆದ್ದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ನುರಿದ ಅನ್ನ ಬೇಳೆ, ಸೊಪ್ಪು, ಬಾಳೆಹಣ್ಣು, ಚೆನ್ನಾಗಿ ಬೆಂದ ಮೊಟ್ಟೆ, ಒಂದಿಷ್ಟು ತುಪ್ಪ, ಇವು ಸಾಕು. ಮೊದಲಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಚಮಚದಿಂದ ಜಾರದಷ್ಟು ಗಟ್ಟಿಯಿರಲಿ. ನೀರುಗಂಜಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ವರ್ಷದೊಳಗೆ ಜೇನು ನೆಕ್ಕಿಸಬೇಡಿ. ಎರಡು ವರ್ಷದವರೆಗೆ ಎದೆಹಾಲು ಬಿಡಿಸಬೇಡಿ. ಆರು ತಿಂಗಳಾದ ಮಗುವಿಗೆ ಅಂಗನವಾಡಿಯಿಂದ ಬರುವ ಪೂರಕ ಆಹಾರ ದಾನವಲ್ಲ, ಹಕ್ಕು, ಕೇಳಿ ಪಡೆಯಿರಿ.

ಸಂಘಗಳು ಬೋನಸ್ಸಿಗೆ ಹೋರಾಡುವಷ್ಟೇ ಬಿರುಸಿನಿಂದ ಇದಕ್ಕೂ ಹೋರಾಡಬೇಕು. ಹೆರಿಗೆಯ ನಂತರವೇ ಪೂರ್ತಿ 26 ವಾರ ಸಿಗಲಿ. ಶಿಶುವಿಹಾರ ಕಾಗದದಿಂದ ಇಳಿದು ಕಾರ್ಖಾನೆಯ ಅಂಗಳಕ್ಕೆ ಬರಲಿ. ಸಂಘಟಿತರಲ್ಲದ ತಾಯಂದಿರಿಗೂ ಆರು ತಿಂಗಳ ಕೂಲಿಭತ್ಯೆ ದೊರೆಯಲಿ. ಮಗುವಿನ ಮೊದಲ ತುತ್ತಿನ ದಿನವನ್ನು ಮಗುವಿನ ಬೆಳವಣಿಗೆ ನಿಶ್ಚಯಿಸಲಿ, ಮಾಲೀಕನ ಗಡಿಯಾರವಲ್ಲ.