ಲೆಕ್ಕಕ್ಕೆ ಸಿಕ್ಕ ಕೋವಿ, ಸಿಗದ ಪಿಸ್ತೂಲು

ಪುರುಲಿಯಾ ಎಂಬ ಹೆಸರನ್ನು ಅಲ್ಲಿಯವರೆಗೆ ನಮ್ಮಲ್ಲಿ ಕೇಳಿದವರೇ ಕಡಿಮೆ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಆ ಜಿಲ್ಲೆಯ ಹಳ್ಳಿಗಳ ಮೇಲೆ ವಿದೇಶಿ ವಿಮಾನವೊಂದು ನೂರಾರು ಎಕೆ-47 ಬಂದೂಕುಗಳನ್ನೂ ಲಕ್ಷಾಂತರ ಗುಂಡುಗಳನ್ನೂ ಉದುರಿಸಿ ಹೋಯಿತು. ಪಂಜಾಬ್ ಆಗಷ್ಟೇ ತಣ್ಣಗಾಗುತ್ತಿತ್ತು, ಕಾಶ್ಮೀರ ಉರಿಯುತ್ತಲೇ ಇತ್ತು. ಕೊಂಕಣದ ಕಡಲ ದಂಡೆಯಲ್ಲಿ ಗುಟ್ಟಾಗಿ ಇಳಿದ ಸ್ಫೋಟಕ, ಶಸ್ತ್ರಾಸ್ತ್ರಗಳು 1993ರಲ್ಲಿ ಮುಂಬಯಿಗೆ ತಂದ ಸಾವುನೋವು ಯಾರಿಗೂ ಮರೆತಿರಲಿಲ್ಲ. ಕ್ಷಿಪಣಿ, ಅಣುಬಾಂಬುಗಳ ಚರ್ಚೆಯಲ್ಲಿ ಮುಳುಗಿದ್ದ ದೇಶಕ್ಕೆ, ಒಬ್ಬನೇ ಹೆಗಲಿಗೇರಿಸಿಕೊಂಡು ಹೋಗಬಹುದಾದ ಆಯುಧವೇ ನಿತ್ಯದ ಭಯವೆಂದು ಮನವರಿಕೆಯಾದದ್ದು ಆ ದಶಕದಲ್ಲಿ.

ಕಾನೂನು ಇರಲಿಲ್ಲವೆಂದೇನೂ ಅಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತ್ತು. ಅದನ್ನು ಅಹಿಂಸೆಯ ಗಾಂಧೀಜಿಯೇ ಕಟುವಾಗಿ ಖಂಡಿಸಿದ್ದರು. 1959ರ ಹೊಸ ಕಾಯ್ದೆ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದಾಗ ವಸಾಹತು ಕಾಲದ ಕಾನೂನು ಹೋಯಿತು, ಆಡಳಿತದ ಪರಿಪಾಠ ಮಾತ್ರ ಹಾಗೆಯೇ ಉಳಿಯಿತು. ಅರ್ಜಿ ಜಿಲ್ಲಾಧಿಕಾರಿಗೆ, ವಿಚಾರಣೆ ಠಾಣೆಗೆ, ಲೆಕ್ಕ ದಫ್ತರಕ್ಕೆ. 1983ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕುಗಳ ಮಿತಿ ಹಾಕಿತು. ಆದರೂ ಪ್ರತಿ ಜಿಲ್ಲೆಯ ಲೆಕ್ಕ ಆಯಾ ಜಿಲ್ಲೆಯ ಕಪಾಟಿನಲ್ಲೇ ಇತ್ತು. ಒಂದು ರಾಜ್ಯದ ಪರವಾನಗಿ ಅಸಲಿಯೋ ನಕಲಿಯೋ ಎಂದು ಇನ್ನೊಂದು ರಾಜ್ಯದ ಠಾಣೆಗೆ ತಿಳಿಯಬೇಕಾದರೆ ಪತ್ರ ಬರೆದು ಕಾಯುವುದೇ ದಾರಿಯಾಗಿತ್ತು.

2001ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು, ಸಣ್ಣ ಶಸ್ತ್ರಾಸ್ತ್ರಗಳ ಅಕ್ರಮ ವ್ಯಾಪಾರದ ವಿರುದ್ಧ ಕ್ರಿಯಾ ಯೋಜನೆಯೊಂದನ್ನು ಒಮ್ಮತದಿಂದ ಒಪ್ಪಿಕೊಂಡವು. ತಯಾರಾಗುವ ಪ್ರತಿ ಬಂದೂಕಿಗೂ ಗುರುತು, ಪ್ರತಿ ಗುರುತಿಗೂ ದಾಖಲೆ, ಸರ್ಕಾರಿ ದಾಸ್ತಾನುಗಳಿಗೆ ಭದ್ರ ಕಾವಲು, ವಶವಾದ ಮತ್ತು ಹೆಚ್ಚುವರಿ ಆಯುಧಗಳ ನಾಶ, ಇವೆಲ್ಲಕ್ಕೂ ಹೊಣೆ ಹೊರುವ ರಾಷ್ಟ್ರೀಯ ವ್ಯವಸ್ಥೆ: ಅಂದು ಕೊಟ್ಟ ಮಾತು ಇಷ್ಟು. ಭಾರತವೂ ಅದಕ್ಕೆ ದನಿಗೂಡಿಸಿತು. 2013ರಲ್ಲಿ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ ಮತಕ್ಕೆ ಬಂದಾಗ, ಅದು ಭಯೋತ್ಪಾದಕರ ವಿಚಾರದಲ್ಲಿ ದುರ್ಬಲ, ರಫ್ತು ದೇಶಗಳ ಕಡೆಗೆ ವಾಲಿದ್ದು ಎಂದು ದೂರ ಉಳಿದರೂ, ಒಳಗಿನ ಕೆಲಸ ನಿಲ್ಲಲಿಲ್ಲ. ಪರವಾನಗಿಗಳ ರಾಷ್ಟ್ರೀಯ ದತ್ತಾಂಶ ಕೋಶ ಬಂತು. ಪ್ರತಿ ಪರವಾನಗಿದಾರನಿಗೂ ಒಂದು ವಿಶಿಷ್ಟ ಸಂಖ್ಯೆ ಬಂತು. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನು ತಂದವು. 2019ರ ತಿದ್ದುಪಡಿ ಮೂರರ ಮಿತಿಯನ್ನು ಎರಡಕ್ಕಿಳಿಸಿತು, ಅಕ್ರಮ ತಯಾರಿಕೆಗೆ ಜೀವಾವಧಿವರೆಗಿನ ಶಿಕ್ಷೆ ವಿಧಿಸಿತು, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತರುವುದನ್ನೂ ಅಪರಾಧವೆಂದಿತು. ದೆಹಲಿಯ ಮಟ್ಟಿಗೆ ಇದು ಸಣ್ಣ ಗಳಿಕೆಯಲ್ಲ.

ಊರಿನ ಮಟ್ಟದಲ್ಲಿ ನೋಡಿದರೆ ಚಿತ್ರ ಬೇರೆ. ಪ್ರತಿ ಚುನಾವಣೆಗೂ ಮಲೆನಾಡಿನ ರೈತ ತನ್ನ ಬೆಳೆ ರಕ್ಷಣೆಯ ಒಂಟಿ ನಳಿಗೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಯಲ್ಲಿ ಒಪ್ಪಿಸಲು ಒಯ್ಯುತ್ತಾನೆ. ಸಿಬ್ಬಂದಿ ನಂಬರು ಬರೆದುಕೊಂಡು, ಚೀಟಿ ಕಟ್ಟಿ, ರಸೀದಿ ಕೊಡುತ್ತಾರೆ. ಇತ್ತ ತೋಟದಲ್ಲಿ ಹಂದಿ, ಮಂಗಗಳಿಗೆ ಸುಗ್ಗಿ. ಅತ್ತ ಎಣ್ಣೆ ಕಾಣದೆ ಮೂಲೆಯಲ್ಲಿ ನಿಂತ ಕೋವಿಗೆ ತುಕ್ಕು. ಕೊಡಗಿನ ಕಥೆ ಇನ್ನೂ ಹಳೆಯದು. 1861ರಿಂದ ಬಂದ ಪರವಾನಗಿ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಇದೆ. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಮಗು ಹುಟ್ಟಿದರೆ ಗುಂಡು ಹಾರಿಸಿ ಸಾರುವ, ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುವ ಜನ ಅವರು. ಒಂದು ವರ್ಗಕ್ಕೇಕೆ ಈ ರಿಯಾಯಿತಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಕೋವಿಯನ್ನು ಬಚ್ಚಿಡದೆ ಮನೆಯ ಗೋಡೆಗೆ ತೂಗುಹಾಕುವವರಿಂದ ವ್ಯವಸ್ಥೆ ಕಲಿಯಬೇಕಾದದ್ದೂ ಇದೆ: ಊರಿಗೆ ಗೊತ್ತಿರುವ ಆಯುಧಕ್ಕೆ ಊರೇ ಅರ್ಧ ಕಾವಲು.

ಊರಿಗೂ ಗೊತ್ತಿಲ್ಲದ, ದಫ್ತರಕ್ಕೂ ಸಿಗದ ಆಯುಧದ ಮುಂದೆ ನಾವು ಸೋತಿದ್ದೇವೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಬಲಿ ತೆಗೆದುಕೊಂಡದ್ದು 7.65 ಎಂಎಂ ನಾಡ ಪಿಸ್ತೂಲು. ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳ ಮೇಲಿನ ಗುರುತುಗಳನ್ನು ತಾಳೆ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಹಾರಿಸಿದ ಆಯುಧ ಒಂದೇ ಎಂದಿತು. ತನಿಖೆಯ ದೊಡ್ಡ ಸುಳಿವು ಹೊರಟದ್ದು ಪರವಾನಗಿಯ ಪಟ್ಟಿಯಿಂದಲ್ಲ, ಸೂಕ್ಷ್ಮದರ್ಶಕದ ಕೆಳಗಿನ ಗೀರುಗಳಿಂದ. ಬಿಹಾರದ ಮುಂಗೇರಿನಂಥ ಊರುಗಳಲ್ಲಿ ಬಂಗಾಳದ ನವಾಬ ಮೀರ್ ಕಾಸಿಮನ ಕಾಲದಿಂದ ಬಂದ ಕೈಕಸುಬು ಇಂದು ಕಳ್ಳ ಕುಲುಮೆಗಳಲ್ಲಿ ಬದುಕಿದೆ. ಅಲ್ಲಿಂದ ಹೊರಟ ಪಿಸ್ತೂಲಿಗೆ ನಂಬರೂ ಇಲ್ಲ, ರಸೀದಿಯೂ ಇಲ್ಲ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ 2018ರಲ್ಲಿ ಅಂದಾಜಿಸಿದಂತೆ, ಭಾರತದ ನಾಗರಿಕರ ಕೈಯಲ್ಲಿರುವ ಸುಮಾರು 7.1 ಕೋಟಿ ಬಂದೂಕುಗಳಲ್ಲಿ ನೋಂದಣಿಯಾದವು 97 ಲಕ್ಷ ಮಾತ್ರ. ಇನ್ನು ಸರ್ಕಾರದ್ದೇ ದಾಸ್ತಾನು? 2023ರ ಮೇ ತಿಂಗಳಿಂದ ಮಣಿಪುರದಲ್ಲಿ ಪೊಲೀಸ್ ಶಸ್ತ್ರಾಗಾರಗಳಿಂದಲೇ ಸಾವಿರಾರು ಆಯುಧಗಳು ಲೂಟಿಯಾದವು. 2025ರ ಫೆಬ್ರುವರಿಯಲ್ಲಿ ರಾಜ್ಯಪಾಲರು ಗಡುವು ಕೊಟ್ಟು ಕರೆದ ಮೇಲೆ ಮರಳಿದ್ದು ಅದರಲ್ಲೊಂದು ಪಾಲು. ಭದ್ರ ಕಾವಲಿನ ಮಾತು ಕೊಟ್ಟು ಎರಡು ದಶಕ ಕಳೆದ ಮೇಲೆ ನಡೆದದ್ದಿದು.

ಕೂಡಿ ಕಳೆದು ನೋಡಿದರೆ, ಈ ಕಾಲು ಶತಮಾನದಲ್ಲಿ ನಾವು ಹಿಡಿತ ಬಿಗಿ ಮಾಡಿದ್ದು ಲೆಕ್ಕ ಕೊಟ್ಟವರ ಮೇಲೆ. ಗಣಕಯಂತ್ರ ದೆಹಲಿಯಲ್ಲಿ ಚುರುಕಾಯಿತು. ಠಾಣೆಯ ಸಿಬ್ಬಂದಿಗೆ ತರಬೇತಿ, ಪ್ರಯೋಗಾಲಯಕ್ಕೆ ತಜ್ಞರು, ಶಸ್ತ್ರಾಗಾರಕ್ಕೆ ಕಾಲಕಾಲದ ತಪಾಸಣೆ, ಕಳ್ಳ ಕುಲುಮೆಯ ಕುಶಲಕರ್ಮಿಗೆ ಬೇರೆ ಅನ್ನದ ದಾರಿ ಅದೇ ವೇಗದಲ್ಲಿ ಬರಲಿಲ್ಲ. ಪರವಾನಗಿಯಿಲ್ಲದ ಆಯುಧಗಳ ಹಾವಳಿಯನ್ನು 2023ರಲ್ಲಿ ತಾನಾಗಿ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, ಮರುವರ್ಷ ಪ್ರತಿ ರಾಜ್ಯದಲ್ಲೂ ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿ ಆಗಬೇಕೆಂದು ಹೇಳಿದೆ. ಈ ಸಮಿತಿಗಳು ಮತ್ತೊಂದು ಕಡತವಾಗಿ ಮುಗಿಯಬಾರದು. ವಶವಾದ ನಾಡ ಪಿಸ್ತೂಲುಗಳೆಷ್ಟು, ಅವುಗಳಲ್ಲಿ ಎಷ್ಟರ ಮೂಲ ಪತ್ತೆಯಾಯಿತು, ನಾಶವಾದವೆಷ್ಟು ಎಂಬುದನ್ನು ಪ್ರತಿ ಸರ್ಕಾರವೂ ವರ್ಷಕ್ಕೊಮ್ಮೆ ಶಾಸನಸಭೆಯ ಮುಂದಿಡಬೇಕು. ರೈತನ ಕೋವಿಗೆ ರಸೀದಿ ಕೇಳುವ ಸರ್ಕಾರ ಇಷ್ಟಾದರೂ ಲೆಕ್ಕ ಕೊಡಲೇಬೇಕು.